ಕೆಂಪಂಗಿಯ ಅಳತೆ

"ಹೊಟ್ಟೆ ಎಲ್ಲಿ? ಇವುಗಳ ಹೊಟ್ಟೆ ಎಲ್ಲಿ ಅಂತ ಕೇಳ್ತಾ ಇದೀನಿ!"

"ಕಿತ್ತು ಹಾಕಿದೀನಿ."

"ಯಾಕೆ?"

"ಬೇಡ ಅನ್ನಿಸ್ತು, ಕಿತ್ತು ಹಾಕಿದೆ. ಅದಕ್ಕೂ ನಿನ್ನ ಅಪ್ಪಣೆ ಬೇಕಾ?"

ತಂಗಿ ಕೈಯಲ್ಲಿದ್ದ ಕೋಟನ್ನು ಮೇಜಿನ ಮೇಲೆ ಬೀಸಿ ಎಸೆದಳು. ನಾಯಿಗೆಂದು ಹೊಲಿದ ಕೆಂಪು ಉಣ್ಣೆಬಟ್ಟೆಯ ಕೋಟು. ಬೆನ್ನಿನ ಭಾಗ ಸರಿಯಾಗಿತ್ತು, ಕುತ್ತಿಗೆಯ ಪಟ್ಟಿ ಸರಿಯಾಗಿತ್ತು. ಹೊಟ್ಟೆಯನ್ನು ಸುತ್ತಿ ಬರಬೇಕಾದ ಅಗಲದ ತುಂಡು ಮಾತ್ರ ಇರಲಿಲ್ಲ. ಬಿಚ್ಚಿದ ಹೊಲಿಗೆಯ ಜಾಗದಲ್ಲಿ ದಾರದ ಚೂರುಗಳು ನೆಟ್ಟಗೆ ನಿಂತಿದ್ದವು. ಮೇಜಿನ ಕೆಳಗೆ ಅಂಥ ಹೊಟ್ಟೆಪಟ್ಟಿಗಳ ರಾಶಿಯೇ ಬಿದ್ದಿತ್ತು.

"ನಾಡಿದ್ದು ಸಂಘದ ಸಭೆ, ಅಣ್ಣ. ಎಲ್ಲ ಮನೆಯವರೂ ಬರ್ತಾರೆ. ಅವರ ಮುಂದೆ ಏನು ಹಿಡೀಲಿ? ಈ ಟೀಪಾಯಿ ಹೊದಿಕೆನಾ?"

"ಹಿಡೀಬೇಡ. ಹಿಡಿ ಅಂತ ನಾನು ಹೇಳಿದ್ನಾ?"

"ನಿನಗೆ ಹುಚ್ಚು ಹಿಡಿದಿದೆ."

"ನಾಯಿಗೆ ಕೋಟು ಹೊಲಿಯೋಕೆ ಒಪ್ಪಿಕೊಂಡ ದಿನಾನೇ ಹಿಡೀತು. ನಿನಗೆ ಇವತ್ತು ಕಾಣಿಸ್ತಾ?"

ಒಳಗಿನ ಕೋಣೆಯಿಂದ ದರ್ಜಿ ಅಣ್ಣನ ಹೆಂಡತಿಯ ದನಿ ಬಂತು. "ನನ್ನ ಸ್ವೆಟರಿನ ಗುಂಡಿ ಹೋಗಿ ಯಾವ ಕಾಲ ಆಯ್ತೋ. ನಾನೂ ಒಂದು ಸಲ ಬೊಗಳಿ ನೋಡ್ತೀನಿ. ಆಗಲಾದರೂ ಹಾಕಿಕೊಡ್ತಾರೋ ಏನೋ."

ಬೇರೆ ದಿನವಾಗಿದ್ದರೆ ಅಣ್ಣ ತಂಗಿ ಇಬ್ಬರೂ ನಗುತ್ತಿದ್ದರು. ಇವತ್ತು ದರ್ಜಿ ಕಾಲಿನಿಂದ ಸ್ಟೂಲನ್ನು ಒದ್ದ. ಅದು ಉರುಳಿ ಇಸ್ತ್ರಿಪೆಟ್ಟಿಗೆಯ ಸ್ಟ್ಯಾಂಡಿಗೆ ಬಡಿದು ನಿಂತಿತು. ಸಿಟ್ಟು ಬಂದರೆ ಅವನಿಗೆ ಮಾತಿಗಿಂತ ಮೊದಲು ಕೈಕಾಲು ಓಡುತ್ತಿದ್ದವು. ಮನುಷ್ಯರ ಮೇಲೆ ಯಾವತ್ತೂ ಅಲ್ಲ, ಸಾಮಾನಿನ ಮೇಲೆ. ಅವನ ಅಂಗಡಿಯಲ್ಲಿ ನಾಲ್ಕು ಕಾಲೂ ನೆಟ್ಟಗಿದ್ದ ಸ್ಟೂಲು ಒಂದೂ ಇರಲಿಲ್ಲ.

ಅಂಗಡಿ ಎಂದರೆ ಕೆಳಮನೆಯ ಮುಂದಿನ ಒಂದೇ ಕೋಣೆ. ಒಂದು ಕತ್ತರಿಸುವ ಮೇಜು, ಎರಡು ಮೆಷೀನು, ಅರ್ಧ ಎತ್ತಿದ ಶಟರು. ಶಟರಿನ ಆಚೆ ಬೀದಿ. ಬೀದಿಯ ಕೊನೆಯಲ್ಲಿ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ. ಅದರ ಬಾಯ್ಲರಿನ ಗೋಡೆ ಚಳಿಗಾಲದಲ್ಲೂ ಬೆಚ್ಚಗಿರುತ್ತಿತ್ತು. ತಂಗಿ ಮೇಲಿನ ಕೋಣೆಯಲ್ಲಿದ್ದಳು. ಗಂಡನ ಮನೆ ಬಿಟ್ಟು ಬಂದ ಮೇಲೆ ಔಷಧಿ ಅಂಗಡಿಯೊಂದರ ಕೌಂಟರಿನಲ್ಲಿ ನಿಂತು ದುಡಿಯುತ್ತಿದ್ದಳು. ಮಿಕ್ಕ ಹೊತ್ತೆಲ್ಲ ಬೀದಿನಾಯಿಗಳಿಗೆ.

ಹಿಂದಿನ ಚಳಿಗಾಲದಲ್ಲಿ ಬೀದಿಯ ನಾಯಿಗಳು ಕೊರೆತ ತಾಳದೆ ಕಟ್ಟಡಗಳ ಮೆಟ್ಟಿಲುಗಳಿಗೆ ನುಗ್ಗಿದ್ದವು. ಮಲಗಿದ್ದ ನಾಯಿಯನ್ನು ಕತ್ತಲೆಯಲ್ಲಿ ತುಳಿದು ಒಬ್ಬರು ಬಿದ್ದು ಸೊಂಟ ಮುರಿದುಕೊಂಡರು. ಆಗಲೇ ನಿವಾಸಿಗಳ ಸಂಘ ತೀರ್ಮಾನ ಮಾಡಿತ್ತು: ಎಲ್ಲವನ್ನೂ ಲಾರಿಗೆ ಹಾಕಿ ಊರಾಚೆಯ ಬಯಲಿನಲ್ಲಿ ಬಿಡೋದು. ಆ ಬಯಲಿನಲ್ಲಿ ಹಿಮ ಬಿದ್ದ ಬೆಳಗ್ಗೆ ಗುಬ್ಬಿಯೂ ಬದುಕುವುದಿಲ್ಲ. ತಂಗಿ ಒಂದೊಂದು ಮನೆಯ ಬಾಗಿಲು ತಟ್ಟಿ, ಬೈಸಿಕೊಂಡು, ಅತ್ತು, ಕಡೆಗೆ ಒಂದು ಚಳಿಗಾಲದ ಗಡುವು ಪಡೆದಿದ್ದಳು. ನಾಯಿಗಳು ಮೆಟ್ಟಿಲು ಹತ್ತಬಾರದು, ಮರಿ ಹಾಕಬಾರದು. ಈ ಎರಡು ಷರತ್ತು, ಅವು ನಡೆದವೇ ಎಂದು ಸಂಘ ಮತ್ತೆ ಸಭೆ ಸೇರಿ ನೋಡುವುದು. ಅವಳು ನಾಯಿಗಳನ್ನು ಹಿಡಿಸಿ ಆಪರೇಷನ್ ಮಾಡಿಸಿದಳು. ಆಪರೇಷನ್ ಆದ ಗುರುತಿಗೆ ಡಾಕ್ಟರು ಕಿವಿಯ ತುದಿ ಕತ್ತರಿಸಿ ಬಿಡುತ್ತಿದ್ದರು. ಗೋಡೆ ಬದಿಗೆ ಹುಲ್ಲು ತುಂಬಿದ ಪೆಟ್ಟಿಗೆಗಳನ್ನು ಇರಿಸಿದಳು. ಕಂಬಳಿ ಹಾಕಿದರೆ ಒದ್ದೆಯಾಗಿ ಹೆಪ್ಪುಗಟ್ಟುತ್ತದೆ, ಹುಲ್ಲೇ ಸರಿ ಎಂದು ಸಿಕ್ಕಸಿಕ್ಕವರಿಗೆಲ್ಲ ಪಾಠ ಹೇಳಿದಳು. ಆಮೇಲೆ ಅಣ್ಣನ ಬೆನ್ನು ಹತ್ತಿದಳು.

ಕೋಟಿನ ವಿಷಯ ಕೇಳಿದಾಗ ದರ್ಜಿ ಮೊದಲು ಬೈದಿದ್ದ. "ಮದುವೆ ಸೂಟು ಹೊಲಿದ ಕೈ ಇದು. ನಾಯಿಗೆ ಅಂಗಿ ಹೊಲಿಯೋಕಾ?" ಎಂದಿದ್ದ. ಬೈಯುತ್ತಲೇ ಮೊದಲನೆಯ ಕೋಟು ಹೊಲಿದ. ಯಾವುದೋ ಸಮವಸ್ತ್ರದ ಕೆಲಸದಲ್ಲಿ ಉಳಿದ ಕೆಂಪು ಬಟ್ಟೆ ಮೂಲೆಯಲ್ಲಿ ಬಿದ್ದಿತ್ತು. ಅದನ್ನು ತೊಟ್ಟು ಒಂದು ಹೆಣ್ಣುನಾಯಿ ಬೀದಿಯಲ್ಲಿ ನಡೆದಾಗ ಒಂದು ವಿಚಿತ್ರ ನಡೆಯಿತು. ಅದುವರೆಗೆ ಕಲ್ಲು ಎತ್ತುತ್ತಿದ್ದವರು ಕೈ ಇಳಿಸಿದರು. ಕೋಟು ತೊಟ್ಟ ನಾಯಿ ಯಾರಿಗೋ ಸೇರಿದ್ದು ಎಂದು ಜನರ ಲೆಕ್ಕ. ಮಹಡಿ ಮೇಲಿನವರು ಬಗ್ಗಿ ನೋಡಿ ನಕ್ಕರು, ಆಮೇಲೆ ರೊಟ್ಟಿಚೂರು ಎಸೆದರು. ಮಕ್ಕಳು ಆ ನಾಯಿಗೆ ಕೆಂಪಂಗಿ ಎಂದು ಹೆಸರಿಟ್ಟರು. ದರ್ಜಿಗೂ ಒಂದು ಹೆಸರು ಬಿತ್ತು, ನಾಯಿ ಟೈಲರು. ಎದುರಿಗೆ ಕರೆದವರಿಗೆ ಅವನು ಕತ್ತರಿ ತೋರಿಸುತ್ತಿದ್ದ. ಒಳಗೊಳಗೇ ಖುಷಿಯಾಗುತ್ತಿತ್ತು. ಕೆಂಪಂಗಿಯ ಫೋಟೋ ತೆಗೆದು ತಂಗಿ ಎಲ್ಲ ಮನೆಗಳಿಗೂ ಹಂಚಿದ್ದಳು. ಆ ಫೋಟೋದಲ್ಲಿ ಕೋಟು ಒಂದು ಸುಕ್ಕೂ ಇಲ್ಲದೆ ಕೂತಿತ್ತು.

ಕಡೆಕಡೆಗೆ ಆ ಕೋಟು ಸೊಂಟದಲ್ಲಿ ಬಿಗಿಯಾಯಿತು. "ನಿನ್ನ ನಾಯಿ ಕುಳಿತುಂಡು ಬೊಜ್ಜು ಬೆಳೆಸಿದೆ," ಎಂದು ದರ್ಜಿ ತಂಗಿಗೆ ಹೇಳಿ ನಕ್ಕು ಹೊಲಿಗೆ ಸಡಿಲ ಮಾಡಿದ್ದ. ಒಂದು ಬೆಳಗ್ಗೆ ನೋಡಿದರೆ ಕೆಂಪಂಗಿ ಶಟರಿನ ಹತ್ತಿರ ನಿಂತಿದೆ, ಹೊಟ್ಟೆಪಟ್ಟಿ ಚಿಂದಿ ಚಿಂದಿ. ತಾನೇ ಹಲ್ಲಿನಿಂದ ಹರಿದಿತ್ತು.

ದರ್ಜಿಗೆ ಪಿತ್ತ ನೆತ್ತಿಗೇರಿತು. ತಾನು ಹೊಲಿದದ್ದನ್ನು ಮನುಷ್ಯರು ಇಷ್ಟವಿಲ್ಲ ಎಂದರೂ ಅವನು ಅಂಗಡಿಯಿಂದ ಆಚೆ ಹಾಕುವ ಪೈಕಿ. ಇದು ನಾಯಿ. "ನಿನ್ನಜ್ಜಿ! ಅಚ್ಚುಕಟ್ಟಾಗಿ ಹೊಲಿದು ಕೊಟ್ಟರೆ ಹರೀತೀಯಾ? ಹರಿ ನೋಡೋಣ ಇನ್ನೊಂದು ಸಲ," ಎಂದು ಮತ್ತೆ ಅಳತೆ ತೆಗೆಯಲು ಕುಕ್ಕರುಗಾಲಲ್ಲಿ ಕೂತ.

ಅವನು ಕೆಲಸ ಕಲಿತದ್ದು ಒಬ್ಬ ಕಟ್ಟುನಿಟ್ಟಿನ ಮೇಸ್ತ್ರಿಯ ಕೈಕೆಳಗೆ. ಅಳತೆ ತೆಗೆಯುವಾಗ ಕಣ್ಣು ಟೇಪಿನ ಮೇಲಿರಬೇಕು, ಮೈಮೇಲಲ್ಲ. ಮೈಗೆ ಟೇಪು ತಾಗಬೇಕು, ಬೆರಳಲ್ಲ. ಹೆಂಗಸರ ಬಟ್ಟೆ ಹೊಲಿಯುವವನಿಗೆ ಅದೇ ಮರ್ಯಾದೆ, ಅದೇ ಅನ್ನ. ಮೇಸ್ತ್ರಿ ತಲೆಗೆ ಮೊಟಕಿ ಮೊಟಕಿ ಕಲಿಸಿದ ಆ ಅಭ್ಯಾಸ ನಾಯಿಯ ಮುಂದೆ ಕೂತಾಗಲೂ ಬಿಡಲಿಲ್ಲ. ದರ್ಜಿ ಮುಖ ಪಕ್ಕಕ್ಕೆ ತಿರುಗಿಸಿ, ಹೊಟ್ಟೆಯ ಸುತ್ತ ಟೇಪು ತಂದು, ಅಂಕಿ ಮಾತ್ರ ನೋಡಿದ. ಹಿಂದಿನ ಸಲಕ್ಕಿಂತ ನಾಲ್ಕು ಬೆರಳು ಕಡಿಮೆ ಬಂತು. ಹೋದ ಸಲ ತಪ್ಪಾಗಿ ಅಳೆದೆನೇ ಎಂದು ತನ್ನನ್ನೇ ಬೈದುಕೊಂಡ. ಟೇಪು ಒದ್ದೆಯಾಗಿತ್ತು. ಬೀದಿಯ ನೀರು ಎಂದುಕೊಂಡು ಪ್ಯಾಂಟಿಗೆ ಒರೆಸಿದ.

ಎರಡನೆಯ ಕೋಟಿಗೆ ಅವನು ಎರಡು ಪದರದ ಹೊಟ್ಟೆಪಟ್ಟಿ ಹಾಕಿದ. ಕೊಂಡಿಗಳನ್ನು ಪಕ್ಕದಲ್ಲಿ ಇಡಲಿಲ್ಲ, ಬೆನ್ನಿನ ನಟ್ಟನಡುವೆ ಇಟ್ಟ. ನಾಯಿಯ ಬಾಯಿ ಎಷ್ಟು ತಿರುಗಿದರೂ ಅಲ್ಲಿಗೆ ಮುಟ್ಟದು. ತೊಡಿಸುವಾಗ ಅದು ಕೊಸರಾಡಿತು, ಹಲ್ಲು ತೋರಿಸಿತು. ಮೂತಿಗೆ ಒಂದು ಪೆಟ್ಟು ಕೊಟ್ಟು ಕೊಂಡಿ ಹಾಕಿಯೇ ಬಿಟ್ಟ. ಆಮೇಲೆ ಅದು ಶಟರಿನ ಮುಂದೆ ನಿಂತು ಅವನನ್ನೇ ನೋಡಿತು. ಗಿರಕಿ ಹೊಡೆಯಿತು. ಮತ್ತೆ ನಿಂತು ನೋಡಿತು. ಆವತ್ತು ಪೂರ್ತಿ ಹೋಯಿತು, ಬಂತು, ನಿಂತಿತು.

"ಏನಂತೆ ಅದಕ್ಕೆ?" ಎಂದು ಹೆಂಡತಿ ಕೇಳಿದ್ದಳು.

"ಕನ್ನಡಿ ಬೇಕಂತೆ," ಎಂದಿದ್ದ ದರ್ಜಿ.

ಆ ಮಾತು ಈಗ ಅವನ ಕಿವಿಯಲ್ಲಿ ಕೂತಿತ್ತು.

ಲಾಂಡ್ರಿಯ ಬಾಯ್ಲರು ನೋಡಿಕೊಳ್ಳುವ ದಪ್ಪನೆಯ ಆಸಾಮಿಯನ್ನು ಬೀದಿಯವರೆಲ್ಲ ಬಾಯ್ಲರಣ್ಣ ಎನ್ನುತ್ತಿದ್ದರು. ಎರಡನೆಯ ಕೋಟು ತೊಡಿಸಿದ ಮೂರನೆಯ ದಿನ ಅವನು ಬಂದು ಕರೆದಿದ್ದ. "ಟೈಲರೇ, ನಿಮ್ಮ ಕೆಂಪಂಗಿ ಪೈಪಿನ ಹಿಂದೆ ಸೇರಿಕೊಂಡಿದೆ. ಏಳು ಅಂದ್ರೆ ಏಳ್ತಾ ಇಲ್ಲ. ನೀವೇ ಬನ್ನಿ."

ಬಿಸಿ ಪೈಪಿನ ಹಿಂದಿನ ಸಂದಿಯಲ್ಲಿ ಕೆಂಪಂಗಿ ಮಗ್ಗುಲಾಗಿ ಮಲಗಿತ್ತು. ಹೊಟ್ಟೆಗೆ ಒತ್ತಿಕೊಂಡು ಮರಿಗಳಿದ್ದವು. ಒಂದೂ ಅಲ್ಲಾಡುತ್ತಿರಲಿಲ್ಲ. ಹೊಟ್ಟೆಪಟ್ಟಿ ಹೊರಗಿನಿಂದ ಚೀಪಿ ಚೀಪಿ ಒದ್ದೆಯಾಗಿತ್ತು, ಒಳಗಿನಿಂದಲೂ ಒದ್ದೆಯಾಗಿತ್ತು. ನಡುವೆ ಅವನು ಹಾಕಿದ ಎರಡು ಪದರದ ಉಣ್ಣೆ. ಮರಿಗಳ ತುಟಿಗೆ ಕೆಂಪು ನಾರು ಅಂಟಿತ್ತು.

"ನಿನ್ನೆವರೆಗೂ ಕುಂಯ್ ಕುಂಯ್ ಅಂತಿತ್ತು," ಎಂದ ಬಾಯ್ಲರಣ್ಣ. "ನಾನು ವಾಲ್ವಿನ ಸದ್ದು ಅಂದ್ಕೊಂಡೆ. ವಾಲ್ವಿಗೆ ಎಣ್ಣೆ ಬಿಟ್ಟೆ, ನೋಡಿ. ನಿಂತುಹೋಯ್ತು. ಎಣ್ಣೆಯಿಂದಲೇ ನಿಂತಿತು ಅಂದ್ಕೊಂಡೆ."

ದರ್ಜಿ ಬಗ್ಗಿ ಸಂದಿಯೊಳಗೆ ಕೈ ಚಾಚಿದ. ಜೇಬಿನ ಕತ್ತರಿಯಿಂದ ಕೋಟನ್ನು ಬೆನ್ನುದ್ದಕ್ಕೂ ಸೀಳಿ ತೆಗೆದ. ಕೆಂಪಂಗಿ ತಲೆ ಎತ್ತಲಿಲ್ಲ. ಮೈ ಬಿಡುಗಡೆಯಾದದ್ದೇ ತಡ, ಇನ್ನಷ್ಟು ಮಗ್ಗುಲಾಗಿ ಮೊಲೆಗಳನ್ನು ಮರಿಗಳ ಬಾಯಿಗೆ ಒಡ್ಡಿತು. ಹಾಲು ತಾನಾಗಿ ಇಳಿದು ಸಿಮೆಂಟಿನ ಮೇಲೆ ಹರಿಯಿತು. ಆವಾಗ ದರ್ಜಿ ಮೊದಲ ಸಲ ಆ ನಾಯಿಯ ಮೈಯನ್ನು ನೋಡಿದ.

ನೆಲವೆಲ್ಲ ಚಳಿಗೆ ಕಲ್ಲಾಗಿತ್ತು. ಬಾಯ್ಲರಿನ ಗೋಡೆಯ ಬುಡದಲ್ಲಿ ಮಾತ್ರ ಮಣ್ಣು ಮೆತ್ತಗಿತ್ತು. ಅಲ್ಲೇ ಹೂತರು. ಆಮೇಲೆ ದರ್ಜಿ ಅಂಗಡಿಗೆ ಬಂದು, ಹೊಲಿದು ಮಡಚಿಟ್ಟಿದ್ದ ಕೋಟುಗಳನ್ನೆಲ್ಲ ಕೆಳಗೆಳೆದು, ಒಂದೊಂದರ ಹೊಟ್ಟೆಯನ್ನೂ ಕಿತ್ತು ಹಾಕಲು ಕೂತಿದ್ದ. ಮುಂದಿನ ಮೂರು ನಾಲ್ಕು ದಿನಗಳಲ್ಲಿ, ಬೀದಿಯಲ್ಲಿ ಕೋಟು ತೊಟ್ಟು ತಿರುಗುತ್ತಿದ್ದ ಉಳಿದ ನಾಯಿಗಳನ್ನೂ ಹಿಡಿದು ಹಾಗೇ ಮಾಡಿದ್ದ. ಅವೆಲ್ಲ ಗಂಡು, ಇಲ್ಲವೇ ಆಪರೇಷನ್ ಆದವು. ಆದರೂ ಮಾಡಿದ.

"ಹೇಳ್ತೀಯೋ ಇಲ್ವೋ?" ತಂಗಿ ಬಿಡಲಿಲ್ಲ. "ನಾಯಿ ಟೈಲರು ಅಂತ ಯಾರೋ ಅಂದ್ರು ಅಂತ ಮಾನ ಹೋಯ್ತಾ? ನಿನ್ನ ಮಾನ ಒಂದು ದಾರದಲ್ಲಿ ನೇತಾಡ್ತಾ ಇದ್ಯಾ?"

"ಮರಿ ಸತ್ತವು."

"ಯಾವ ಮರಿ?"

"ಕೆಂಪಂಗಿ ಮರಿ ಹಾಕಿತ್ತು. ನಾನು ಅದರ ಹೊಟ್ಟೆಗೆ ಬಟ್ಟೆ ಬಿಗಿದೆ. ಹಾಲು ಕುಡಿಯೋಕೆ ಆಗದೆ ಸತ್ತವು. ಸಾಕಾ? ಇನ್ನೂ ಬಿಡಿಸಿ ಹೇಳ್ಬೇಕಾ?"

ತಂಗಿ ಉರುಳಿದ ಸ್ಟೂಲನ್ನು ಎತ್ತಿ ನಿಲ್ಲಿಸಿದಳು. ಅದರ ಮೇಲೆ ಕೂತಳು. ಅದು ಒಂದು ಕಡೆಗೆ ವಾಲಿತು, ಅವಳು ಗಮನಿಸಲಿಲ್ಲ. ಒಳಗಿನ ಕೋಣೆಯಲ್ಲಿ ಪಾತ್ರೆಯ ಸದ್ದು ನಿಂತಿತು.

"ಅದಕ್ಕೆ ಆಪರೇಷನ್ ಆಗಿತ್ತು," ಎಂದಳು. "ಕಿವಿ ನಾನೇ ನೋಡಿದ್ದೆ. ತುದಿ ಇರ್ಲಿಲ್ಲ."

"ಹರಿದಿದ್ದು ಅದು. ಯಾವುದೋ ನಾಯಿ ಕಚ್ಚಿದ್ದು. ಕತ್ತರಿಸಿದ ಅಂಚು ನೆಟ್ಟಗಿರುತ್ತೆ. ದಿನಾ ಕತ್ತರಿ ಹಿಡಿಯೋನು ನಾನು, ನನ್ನ ಮುಂದೇನೇ ನಿಂತಿತ್ತು. ನೋಡ್ಲಿಲ್ಲ."

"ನಾನೂ ನೋಡ್ಲಿಲ್ಲ."

"ನೀನು ಬೊಜ್ಜು ಅನ್ಲಿಲ್ಲ. ನೀನು ಕೊಂಡಿ ಹಾಕ್ಲಿಲ್ಲ. ಬಾಗಿಲಿಗೆ ಬಂದು ಬಂದು ಕೇಳ್ತು ಕಣೇ ಅದು. ಬಿಚ್ಚು ಅಂತ ಕೇಳ್ತು. ನಾನು ಹಲ್ಲು ಕಿರಿದೆ."

 ಬೀದಿಯ ಕೊನೆಯಿಂದ ಲಾಂಡ್ರಿಯ ಯಂತ್ರ ನೀರು ಹಿಂಡುವ ಸದ್ದು ಬರುತ್ತಿತ್ತು. ತಂಗಿ ಕಣ್ಣೊರೆಸಿಕೊಂಡು, ಔಷಧಿ ಅಂಗಡಿಯಲ್ಲಿ ಗಿರಾಕಿಗಳ ಜೊತೆ ಆಡುವ ದನಿಯಲ್ಲಿ ಕೇಳಿದಳು. "ಇದು ಯಾರಿಗೆ ಗೊತ್ತು?"

"ಬಾಯ್ಲರಣ್ಣನಿಗೆ."

"ಅವನು ಹೇಳಲ್ಲ. ನೀನೂ ಹೇಳ್ಬೇಡ."

"ನಾಡಿದ್ದು ಎಲ್ಲರ ಮುಂದೆ ನಿಂತು ಹೇಳೋಣ ಅಂತಿದೀನಿ."

"ಹೇಳು. ಒಂದು ನಾಯಿ ಮರಿ ಹಾಕ್ತು ಅಂದ ತಕ್ಷಣ ಗಡುವು ಮುಗೀತು. ಮಾರನೇ ದಿನ ಲಾರಿ ಬರುತ್ತೆ. ಕೆಂಪಂಗೀನೂ ಹೋಗುತ್ತೆ, ಎಲ್ಲವೂ ಹೋಗ್ತವೆ. ಸತ್ತವಕ್ಕೋಸ್ಕರ ಬದುಕಿರೋವನ್ನ ಲಾರಿ ಹತ್ತಿಸ್ತೀಯಾ? ಹೇಳಿಬಿಟ್ಟು ನಿನ್ನ ಎದೆ ಹಗುರ ಮಾಡ್ಕೋತೀಯ. ಅವು ಎಲ್ಲಿ ಮಲಗ್ಬೇಕು?"

 ಅವಳ ಮಾತು ಸರಿಯಾಗಿತ್ತು. ಸರಿಯಾಗಿದ್ದದ್ದನ್ನೇ ದರ್ಜಿಗೆ ತಡೆದುಕೊಳ್ಳಲಾಗಲಿಲ್ಲ. ಒದೆಯಲು ಸ್ಟೂಲು ಹುಡುಕಿದ. ಅದರ ಮೇಲೆ ತಂಗಿ ಕೂತಿದ್ದಳು.

"ಹೇಳಲ್ಲ," ಎಂದ. "ಆದ್ರೆ ಹೊಟ್ಟೆ ಹಾಕಲ್ಲ."

"ಹಾಕ್ಬೇಡ."

ಹೆಂಡತಿ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಒಂದು ಬಟ್ಟಲು ಹಾಲಿತ್ತು, ಅದರಲ್ಲಿ ರೊಟ್ಟಿಚೂರು ನೆನೆಯುತ್ತಿದ್ದವು. "ಹೊರಗೆ ನಿಂತಿದೆ," ಎಂದಳು. ಅವಳ ದನಿಯಲ್ಲಿ ಚೇಷ್ಟೆ ಇರಲಿಲ್ಲ.

ಮರಿ ಹೂತ ಮೇಲೂ ಕೆಂಪಂಗಿ ಅಂಗಡಿಗೆ ಬರುವುದನ್ನು ಬಿಟ್ಟಿರಲಿಲ್ಲ. ಬೆಳಗ್ಗೆ ಶಟರು ಎತ್ತುವ ಸದ್ದಿಗೆ ಬಂದು ತಲೆ ಒಳಗೆ ಹಾಕುತ್ತಿತ್ತು. ಮೇಜಿನ ಕೆಳಗೆ ಮೂಸುತ್ತಿತ್ತು, ಚಿಂದಿಯ ಗೋಣಿಯೊಳಗೆ ಮೂತಿ ತೂರಿಸಿ ನೋಡುತ್ತಿತ್ತು. ಏನನ್ನು ಹುಡುಕುತ್ತಿದೆ ಎಂದು ಈಗ ಅಂಗಡಿಯಲ್ಲಿದ್ದ ಮೂವರಿಗೂ ಗೊತ್ತಿತ್ತು. ದರ್ಜಿ ಕೊಟ್ಟ ಹಾಲನ್ನು ಕುಡಿದು, ಸ್ವಲ್ಪ ಹೊತ್ತು ನಿಂತು, ಹೋಗುತ್ತಿತ್ತು. ಅವನ ಮೇಲೆ ಗುರ್ರೆನ್ನಲಿಲ್ಲ. ಒಮ್ಮೆ ಗುರ್ರೆಂದು ಕಚ್ಚಿದ್ದರೆ ಚೆನ್ನಾಗಿತ್ತು ಎಂದು ಅವನು ಕೈಯನ್ನು ಅದರ ಬಾಯಿಯ ಹತ್ತಿರ ಇಟ್ಟು ನೋಡಿದ್ದ. ಅದು ಮೂಸಿ ನೋಡಿ, ನೆಕ್ಕಿತು.

ಸಭೆ ನಡೆದದ್ದು ದೊಡ್ಡ ಕಟ್ಟಡದ ಕೆಳಗಿನ ಪಾರ್ಕಿಂಗಿನಲ್ಲಿ. ಕಾರುಗಳನ್ನು ಆಚೆ ಹಾಕಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಜನ ಸ್ವೆಟರು, ಟೋಪಿ, ಕೈಗವಸಿನೊಳಗೆ ಮುದುಡಿಕೊಂಡು ಕೂತಿದ್ದರು. ಮಾತಾಡಿದಾಗ ಬಾಯಿಂದ ಹಬೆ ಬರುತ್ತಿತ್ತು. ಗೋಡೆಯ ಮೇಲೆ ಪ್ರೊಜೆಕ್ಟರಿನ ಬೆಳಕಿನಲ್ಲಿ ಕೆಂಪಂಗಿಯ ಫೋಟೋ ಆಳೆತ್ತರಕ್ಕೆ ಮೂಡಿತ್ತು. ಮೊದಲನೆಯ ಕೋಟು, ತುಂಬಿದ ಹೊಟ್ಟೆ. ಈಗ ನೋಡಿದರೆ ಕುರುಡನಿಗೂ ಕಾಣುವಂತಿತ್ತು. ದರ್ಜಿ ಫೋಟೋಗೆ ಬೆನ್ನು ಮಾಡಿ ಕಂಬದ ಪಕ್ಕ ಕೂತ.

ತಂಗಿ ಚೆನ್ನಾಗಿ ಮಾತಾಡಿದಳು. ಈ ಚಳಿಗಾಲದಲ್ಲಿ ಒಂದು ನಾಯಿಯೂ ಮೆಟ್ಟಿಲು ಹತ್ತಿಲ್ಲ ಎಂದಳು. ಪೆಟ್ಟಿಗೆಯ ಹುಲ್ಲು ಬದಲಿಸಲು ಎರಡು ಮನೆಯವರು ತಾವಾಗಿ ಮುಂದೆ ಬಂದಿದ್ದಾರೆ ಎಂದಳು. ಗಾಡಿ ಶುರು ಮಾಡುವ ಮುಂಚೆ ಬಾನೆಟ್ ಮೇಲೆ ಎರಡು ಸಲ ಬಡಿಯಿರಿ, ಬೆಕ್ಕು ಇಂಜಿನ್ನಿನ ಶಾಖಕ್ಕೆ ಒಳಗೆ ಸೇರಿಕೊಂಡಿರುತ್ತೆ ಎಂದು ಹೇಳಿ ಎಲ್ಲರನ್ನೂ ತಲೆಯಾಡಿಸುವಂತೆ ಮಾಡಿದಳು.

ಮೂರನೇ ಮಹಡಿಯ ಹೆಂಗಸು ಎದ್ದು ನಿಂತಳು. "ಅದೆಲ್ಲ ಸರಿಯಮ್ಮ. ಮರಿಗಿರಿ ಕಥೆ ಏನು? ಮುಂದಿನ ವರ್ಷ ಎರಡರಷ್ಟು ಆದ್ರೆ?"

ತಂಗಿ ನೀರಿನ ಬಾಟಲಿ ಎತ್ತಿ ಒಂದು ಗುಟುಕು ಕುಡಿದಳು. ಮುಚ್ಚಳವನ್ನು ತಿರುಗಿಸಿ ತಿರುಗಿಸಿ ಹಾಕಿದಳು.

"ಈ ಬೀದಿಯಲ್ಲಿ ಇವತ್ತು ಒಂದೂ ಮರಿ ಇಲ್ಲ," ಎಂದಳು.

ದರ್ಜಿ ನೆಲ ನೋಡಿದ. ಅದು ಸುಳ್ಳಾಗಿರಲಿಲ್ಲ. ಒಂದು ಅಕ್ಷರವೂ ಸುಳ್ಳಾಗಿರಲಿಲ್ಲ.

ಅಧ್ಯಕ್ಷರು ಇಸ್ತ್ರಿ ಹಾಕಿದ ಮಫ್ಲರಿನ ಅಚ್ಚುಕಟ್ಟು ಮನುಷ್ಯ. ಮೇಜಿನ ಮೇಲಿದ್ದ ಹೊಸ ಕೋಟನ್ನು ಎತ್ತಿ ಹಿಂದೆ ಮುಂದೆ ನೋಡಿ, ಗೋಡೆಯ ಫೋಟೋ ನೋಡಿದರು. "ಇದಕ್ಕೆ ಹೊಟ್ಟೆ ಇಲ್ವಲ್ಲ? ಎಲ್ಲಿದಾರೆ ನಮ್ಮ ಟೈಲರು? ಏಳಿ ಸಾರ್, ಏಳಿ. ಅಲ್ಲಿ ಎಷ್ಟು ಚೆನ್ನಾಗಿ ಕೂತಿದೆ. ಇದರಲ್ಲಿ ಯಾಕೆ ತೆಗೆದ್ರಿ? ಬಟ್ಟೆ ಉಳಿಸೋಕಾ?"

ಜನ ನಕ್ಕರು. ದರ್ಜಿ ಎದ್ದ. ಎಲ್ಲರ ಮುಖವೂ ಅವನ ಕಡೆ ತಿರುಗಿತು. ತಂಗಿಯ ಮುಖ ಮಾತ್ರ ಬಾಟಲಿಯ ಮುಚ್ಚಳದ ಕಡೆಗಿತ್ತು. ಬಾಯಿಗೆ ಬಂದದ್ದು ಅಲ್ಲೇ ಇತ್ತು, ಹಲ್ಲಿನ ಹಿಂದೆ. ಪಾರ್ಕಿಂಗಿನ ಬಾಗಿಲಲ್ಲಿ ಎರಡು ನಾಯಿಗಳು, ಬೆನ್ನಿಗೆ ಮಾತ್ರ ಕೆಂಪು ಬಟ್ಟೆ ಹೊದ್ದು, ಒಳಗೆ ಬರಬಾರದೆಂದು ಗೊತ್ತಿದ್ದವರ ಹಾಗೆ ಹೊಸ್ತಿಲಾಚೆ ಕೂತಿದ್ದವು.

"ಬಿಗಿ ಆಗ್ತಿತ್ತು," ಎಂದ.

"ಫೋಟೋದಲ್ಲಿ ಬಿಗಿ ಕಾಣಲ್ವಲ್ಲ?"

"ನಾಯಿಗೆ ಆಗ್ತಿತ್ತು."

"ನೋಡಿದ್ರಾ!" ಅಧ್ಯಕ್ಷರು ಸಭೆಗೆ ತಿರುಗಿದರು. "ಬಾಯಿಲ್ಲದ ಪ್ರಾಣಿಯ ಕಷ್ಟ ತಿಳಿದು ಬದಲಾಯಿಸಿದಾರೆ. ಇದಪ್ಪ ಮನುಷ್ಯತ್ವ ಅಂದ್ರೆ. ಒಂದು ಚಪ್ಪಾಳೆ ಬರ್ಲಿ."

ಚಪ್ಪಾಳೆ ಬಂತು. ಕೈಗವಸು ಹಾಕಿದ ಕೈಗಳ ಚಪ್ಪಾಳೆ, ದಿಂಬಿಗೆ ಹೊಡೆದಂತೆ ಸದ್ದು. ದರ್ಜಿ ನಿಂತೇ ಇದ್ದ. ಕೂರಬೇಕೆಂದು ತೋಚಲಿಲ್ಲ. ಆಮೇಲೆ ಕೈ ಎತ್ತಿಸಿ ಎಣಿಸಿದರು. ಲಾರಿ ಬರುವುದಿಲ್ಲ ಎಂದಾಯಿತು. ಈ ಚಳಿಗಾಲಕ್ಕಷ್ಟೇ ಅಲ್ಲ, ಮುಂದೆಯೂ.

ಹೊರಗೆ ಬರುವಾಗ ಬಾಯ್ಲರಣ್ಣ ಸಿಕ್ಕಿದ. ಟೋಪಿಯನ್ನು ಕೈಯಲ್ಲಿ ಮುದುರುತ್ತ, "ಒಳ್ಳೇ ಕೆಲಸ ಮಾಡಿದ್ರಿ, ಟೈಲರೇ," ಎಂದ. ಅದರಲ್ಲಿ ಕುಹಕ ಇದೆಯೇ ಎಂದು ದರ್ಜಿ ಅವನ ಮುಖ ಹುಡುಕಿದ. ಇರಲಿಲ್ಲ. ಇದ್ದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ತಂಗಿ ಹಿಂದಿನಿಂದ ಓಡಿಬಂದಳು. ಮುಖ ಕೆಂಪಾಗಿತ್ತು. "ಅಣ್ಣ, ಪಕ್ಕದ ಬೀದಿಯವರೂ ಕೇಳ್ತಿದಾರಂತೆ. ಅಲ್ಲೂ ಲಾರಿ ಕರೆಸೋ ಮಾತಿದೆ. ಅಧ್ಯಕ್ಷರು ನಾಳೆ ಒಂದು ಹೊಸ ಫೋಟೋ ತೆಗೆಸೋಣ ಅಂದ್ರು, ಕೆಂಪಂಗಿ ಜೊತೆ. ಕೋಟು ತೊಟ್ಟು."

"ಅದಕ್ಕೆ ಕೋಟಿಲ್ಲ."

"ಹೊಸಾದು ಹಾಕು. ಬೆನ್ನಿಗೆ ಮಾತ್ರ ತಾನೇ? ಒಂದು ನಿಮಿಷದ ಕೆಲಸ. ಅದಕ್ಕೂ ಚಳಿ ಅಲ್ವಾ? ಬರಿಮೈಯಲ್ಲಿ ತಿರುಗ್ತಾ ಇದೆ."

ಆ ಮಾತೂ ಸರಿಯಾಗಿತ್ತು. ಹೊಟ್ಟೆ ತೆರೆದ ಕೋಟು, ಪಕ್ಕದಲ್ಲಿ ಲಾಡಿ. ನಾಯಿ ಬೇಡವೆಂದರೆ ಹಲ್ಲಿನಿಂದ ಎಳೆದು ಬಿಚ್ಚಿಕೊಳ್ಳಬಹುದು. ಯಾರಿಗೂ ಏನೂ ಆಗುವುದಿಲ್ಲ. ಪಕ್ಕದ ಬೀದಿಯ ನಾಯಿಗಳೂ ಉಳಿಯುತ್ತವೆ. ದರ್ಜಿ ಮನೆ ತಲುಪುವವರೆಗೂ ಇದನ್ನೇ ತನಗೆ ತಾನೇ ಹೇಳಿಕೊಂಡ. ಒಪ್ಪಿಕೊಂಡ.

ಬೆಳಗ್ಗೆ ಹಿಮ ಸುರಿದು, ನಿಂತ ಕಾರುಗಳ ಗಾಜು ಬೆಳ್ಳಗಾಗಿತ್ತು. ಅಧ್ಯಕ್ಷರು ಅದೇ ಮಫ್ಲರಿನಲ್ಲಿ ಬಂದರು. ಮೂರನೇ ಮಹಡಿಯ ಹೆಂಗಸೂ ಬಂದಳು. ತಂಗಿ ಫೋನು ಹಿಡಿದು ಬೆಳಕು ಎಲ್ಲಿಂದ ಬರುತ್ತದೆಂದು ನೋಡುತ್ತಿದ್ದಳು. ದರ್ಜಿ ಶಟರು ಎತ್ತಿದ.

ಸದ್ದಿಗೆ ಕೆಂಪಂಗಿ ಬಂತು. ಎಂದಿನ ಹಾಗೆ ತಲೆ ಒಳಗೆ ಹಾಕಿತು, ಮೇಜಿನ ಕೆಳಗೆ ಹೋಯಿತು, ಗೋಣಿ ಮೂಸಿತು. ಬಟ್ಟಲಿನ ಹತ್ತಿರ ಬಂದಾಗ ದರ್ಜಿ ಕುಕ್ಕರುಗಾಲಲ್ಲಿ ಕೂತು ಬೆನ್ನ ಹಿಂದಿದ್ದ ಕೋಟನ್ನು ಮುಂದೆ ತಂದ.

ನಾಯಿ ಹಾಲಿನಿಂದ ಮೂತಿ ಎತ್ತಿತು. ಕೆಂಪು ಬಟ್ಟೆಯನ್ನು ನೋಡಿತು. ಬಾಲ ನಿಧಾನವಾಗಿ ಕೆಳಗಿಳಿದು ಕಾಲಿನ ನಡುವೆ ಸೇರಿತು. ಹಿಂದಕ್ಕೆ ಸರಿಯಲಿಲ್ಲ, ಬೊಗಳಲಿಲ್ಲ. ನಿಂತಿತು. ಅದರ ಹಾಲು ಬತ್ತಿ ಮೊಲೆಗಳು ಜೋತು ಬಿದ್ದಿದ್ದವು. ಇವತ್ತು ದರ್ಜಿಯ ಕಣ್ಣಿಗೆ ಎಲ್ಲವೂ ಕಾಣುತ್ತಿತ್ತು.

"ಇದಕ್ಕೆ ಹೊಟ್ಟೆ ಇಲ್ಲ ಕಣೇ," ಎಂದ. ಗಿರಾಕಿಗೆ ಒಳಹೊಲಿಗೆ ತೋರಿಸುವ ಹಾಗೆ ಕೋಟನ್ನು ತಿರುಗಿಸಿ ಒಳಮೈ ತೋರಿಸಿದ. "ನೋಡು. ತೆಗೆದಿದೀನಿ. ಕೊಂಡಿನೂ ಇಲ್ಲ. ಬರೀ ಲಾಡಿ. ನೋಡು ಬೇಕಾದ್ರೆ."

"ಏನು, ನಾಯಿ ಜೊತೆ ಚೌಕಾಸಿನಾ?" ಎಂದು ಅಧ್ಯಕ್ಷರು ನಕ್ಕರು.

ಕೆಂಪಂಗಿ ಕೋಟನ್ನು ಮೂಸಲಿಲ್ಲ. ದರ್ಜಿಯ ಮುಖವನ್ನು ನೋಡಿತು. ಆಮೇಲೆ ತಿರುಗಿ, ಬಗ್ಗಿ, ಶಟರಿನ ಕೆಳಗಿನಿಂದ ಹೊರಗೆ ಹೋಯಿತು. ಓಡಲಿಲ್ಲ. ಅಧ್ಯಕ್ಷರ ಕಾಲಿನ ಪಕ್ಕದಲ್ಲೇ ಹಾದುಹೋಯಿತು. ಹುಲ್ಲಿನ ಪೆಟ್ಟಿಗೆಗಳನ್ನು ದಾಟಿತು. ಅಲ್ಲಿ ಮಲಗಿದ್ದ ನಾಯಿಗಳು ತಲೆ ಎತ್ತಿ ಮತ್ತೆ ಇಳಿಸಿದವು. ಬಾಯ್ಲರಿನ ಗೋಡೆಯ ಬುಡದಲ್ಲಿ ಮಾತ್ರ ನಿಂತಿತು, ಮಣ್ಣಿಗೆ ಮೂತಿ ಇಟ್ಟಿತು. ಅಲ್ಲಿಂದ ದೊಡ್ಡ ರಸ್ತೆಗೆ ಇಳಿಯಿತು.

"ಹೋಗ್ಲಿ ಬಿಡಿ," ಎಂದರು ಅಧ್ಯಕ್ಷರು. "ಹೊಟ್ಟೆ ಹಸಿದಾಗ ತಾನೇ ಬರುತ್ತೆ. ಅಲ್ಲಿರೋ ಆ ಕರಿ ನಾಯೀನ ಕರೀರಿ, ಕೋಟು ಎಲ್ಲದರದ್ದೂ ಒಂದೇ ಬಣ್ಣ ತಾನೆ?"

ಕರಿ ನಾಯಿಯ ಫೋಟೋ ತೆಗೆದರು. ಚೆನ್ನಾಗಿಯೇ ಬಂತಂತೆ. ತಂಗಿ ಫೋನು ಜೇಬಿಗೆ ಹಾಕಿ ರಸ್ತೆಯ ತುದಿಯವರೆಗೂ ನಡೆದು, ಎರಡು ಕಡೆಯೂ ನೋಡಿ ಬಂದಳು. ಮೆಟ್ಟಿಲು ಹತ್ತಿದಳು.

ದರ್ಜಿ ಆ ದಿನ ಹೆಂಡತಿಯ ಸ್ವೆಟರಿಗೆ ಗುಂಡಿ ಹಾಕಿಕೊಟ್ಟ. "ಚಳಿ, ಶಟರು ಎಳೀರಿ," ಎಂದು ಅವಳು ಎರಡು ಸಲ ಹೇಳಿದಳು. ಅವನು ಎಳೆಯಲಿಲ್ಲ. ಬಟ್ಟಲಿನಲ್ಲಿ ಉಳಿದ ಹಾಲಿನ ಮೇಲೆ ಕೆನೆಯಲ್ಲ, ತೆಳ್ಳಗೆ ಮಂಜುಗಡ್ಡೆ ಕಟ್ಟಿತ್ತು. ಮಾರನೆಯ ಬೆಳಗ್ಗೆ ಅದನ್ನು ಚೆಲ್ಲಿ ಬೇರೆ ಹಾಲು ಹಾಕಿದ. ಶಟರನ್ನು ಬೇಕೆಂದೇ ಜೋರಾಗಿ ಸದ್ದು ಮಾಡಿ ಎತ್ತಿದ. ಪೆಟ್ಟಿಗೆಗಳಿಂದ ಬೇರೆ ನಾಯಿಗಳು ಎದ್ದು, ಕೆಂಪು ಕೋಟು ಕೊಡವಿಕೊಂಡು, ಬಾಲ ಆಡಿಸುತ್ತ ಬಂದವು. ಕೆಂಪಂಗಿ ಬರಲಿಲ್ಲ. ಬಿಸಿಲು ಏರಿ ಹಿಮ ಕರಗುವ ಕಾಲ ಬಂದರೂ ಬರಲಿಲ್ಲ.